ಎರಡು ಬಾರಿ ಕಾದ ಎಂಜಿನ್: ಎರಡನೆಯ ಬಿಲ್ಲು ಯಾರ ಪಾಲಿಗೆ?

ಪ್ರಶ್ನೆ: ನಮ್ಮದು 2016ರ ಮಾದರಿಯ, ಏಳು ಸೀಟಿನ, ನಾಲ್ಕು ಸಿಲಿಂಡರಿನ ಡೀಸೆಲ್ ವಾಹನ, 1,38,000 ಕಿ.ಮೀ. ಓಡಿದೆ. ಕಳೆದ ನವೆಂಬರ್‌ನಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳದಿಂದ ಹಾಸನಕ್ಕೆ ಹಿಂದಿರುಗುವಾಗ, ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಹೋಯಿತು. ನಿಲ್ಲಿಸಲು ಜಾಗ ಸಿಗದೆ ಸುಮಾರು ಎರಡು ಕಿ.ಮೀ. ಓಡಿಸಿದೆ, ಅಷ್ಟರಲ್ಲಿ ಮುಳ್ಳು ತಾನಾಗಿಯೇ ಕೆಳಗಿಳಿಯಿತು. ಊರಿನ ಖಾಸಗಿ ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆ) ಬದಲಿಸಿ, ಹೆಡ್ ಫೇಸಿಂಗ್ (ಹೆಡ್ಡಿನ ತಳವನ್ನು ಹೆರೆದು ಸಮತಟ್ಟು ಮಾಡುವುದು) ಮಾಡಿಸಿ 58,400 ರೂಪಾಯಿ ಪಡೆದರು. ಆರು ತಿಂಗಳ ಗ್ಯಾರಂಟಿ ಎಂದು ಬಾಯಲ್ಲಿ ಹೇಳಿದರು. ಜನವರಿಯಿಂದ, ಹೊರಗೆಲ್ಲಿಯೂ ತೊಟ್ಟಿಕ್ಕದೆ, ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟ್ ಇಳಿಯತೊಡಗಿತು. ಗ್ಯಾರೇಜಿನವರು ರೇಡಿಯೇಟರ್ ಮುಚ್ಚಳ ಬದಲಿಸಿ ಕಳಿಸಿದರು. ಮತ್ತೆ ಇಳಿದಾಗಲೆಲ್ಲ ನಾನು ಮನೆಯ ಬೋರ್‌ವೆಲ್ ನೀರು ತುಂಬಿಸುತ್ತಿದ್ದೆ. ಫೆಬ್ರವರಿಯಲ್ಲಿ ಮೈಸೂರಿಗೆ ಹೋಗುವಾಗ ಹೊಳೆನರಸೀಪುರ ದಾಟಿದ ಮೇಲೆ ಎಚ್ಚರಿಕೆ ದೀಪ ಹೊತ್ತಿತು. ಕೂಡಲೇ ನಿಲ್ಲಿಸಿ ಗ್ಯಾರೇಜಿಗೆ ಎಳೆಸಿಕೊಂಡು ಬಂದೆವು. ಈಗ ಅವರು, ಕಾದ ಗಾಡಿಯನ್ನು ಓಡಿಸಿದ್ದರಿಂದ ಪೂರ್ತಿ ಎಂಜಿನ್ ಕೆಲಸವೇ ಆಗಬೇಕು, 1,35,000 ರೂಪಾಯಿ ಆಗುತ್ತದೆ, ಬಿಚ್ಚಿ ನೋಡುವುದಕ್ಕೇ 12,000 ಕೊಡಬೇಕು ಎನ್ನುತ್ತಿದ್ದಾರೆ. ಬೇಡವೆಂದರೆ ಎಳೆದು ತಂದದ್ದಕ್ಕೂ ನಿಲ್ಲಿಸಿಕೊಂಡದ್ದಕ್ಕೂ 6,500 ಕೊಟ್ಟು ಗಾಡಿ ಒಯ್ಯಿರಿ ಎಂಬುದು ಅವರ ಮಾತು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಪ್ಪಾಗಿಯೇ ಇದೆ, ಕೆನೆಗಟ್ಟಿದ ಕಂದು ಬಣ್ಣಕ್ಕೆ ತಿರುಗಿಲ್ಲ, ಮಟ್ಟವೂ ಏರಿಲ್ಲ. ಎಲ್ಲವನ್ನೂ ಅವರೇ ಉಚಿತವಾಗಿ ಮಾಡಿಕೊಡಬೇಕು ಎಂಬುದು ನಮ್ಮ ಪಟ್ಟು. ತಪ್ಪು ಯಾರದ್ದು? ಈ ಮೊತ್ತ ಸರಿಯೇ? ಅವರು ಗಾಡಿಯನ್ನು ಹಿಡಿದಿಟ್ಟುಕೊಳ್ಳಬಹುದೇ? ಅಥವಾ ಮಾರಿಬಿಡುವುದು ಒಳ್ಳೆಯದೇ?

ಉತ್ತರ: ಮಾನ್ಯರೇ, ನಿಮ್ಮ ಪತ್ರವನ್ನೂ ಜೊತೆಗೆ ಕಳಿಸಿದ ಬಿಲ್ಲು ಹಾಗೂ ಎಸ್ಟಿಮೇಟಿನ ಪ್ರತಿಗಳನ್ನೂ ನೋಡಿದೆ. ನೀವೂ ಗ್ಯಾರೇಜಿನವರೂ ಮೊತ್ತದ ಬಗ್ಗೆ ವಾದಿಸುತ್ತಿದ್ದೀರಿ. ಆದರೆ ಮೊತ್ತ ಸರಿಯೋ ತಪ್ಪೋ ಎಂಬುದು ಅದಕ್ಕಿಂತ ಹಿಂದಿನ ಒಂದು ಪ್ರಶ್ನೆಯ ಮೇಲೆ ನಿಂತಿದೆ: ನವೆಂಬರ್‌ನಲ್ಲಿ ಆ ಎಂಜಿನ್ ಏಕೆ ಕಾದಿತು? ಕಳಿಸಿದ ಕಾಗದಗಳಲ್ಲಿ ಎಲ್ಲಿಯೂ ಇದಕ್ಕೆ ಉತ್ತರವಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿತ್ತು ಎಂಬುದು ಉತ್ತರವಲ್ಲ, ಏಕೆಂದರೆ ಗ್ಯಾಸ್ಕೆಟ್ ಬಹುಪಾಲು ಸಂದರ್ಭಗಳಲ್ಲಿ ಕಾದದ್ದರಿಂದ ಹೋಗುತ್ತದೆಯೇ ಹೊರತು, ಅದು ಹೋದದ್ದರಿಂದಲೇ ಎಂಜಿನ್ ಮೊದಲು ಕಾಯುವುದು ಅಪರೂಪ.

ಇಂತಹ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂನದ್ದು. ಒಂದೇ ಪ್ರಮಾಣದಲ್ಲಿ ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕೂಲೆಂಟ್ ಸರಿಯಾಗಿ ಹರಿಯುತ್ತಿರುವವರೆಗೆ ಈ ವ್ಯತ್ಯಾಸವನ್ನು ಗ್ಯಾಸ್ಕೆಟ್ ಮತ್ತು ಹೆಡ್ ಬೋಲ್ಟುಗಳು ತಾಳಿಕೊಳ್ಳುತ್ತವೆ. ಮಿತಿ ಮೀರಿ ಕಾದಾಗ ಮಾತ್ರ, ಬೋಲ್ಟುಗಳ ಹಿಡಿತದಲ್ಲಿರುವ ಹೆಡ್ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ. ಈ ಬಾಗು ಕಣ್ಣಿಗೆ ಕಾಣುವಂಥದ್ದಲ್ಲ; ಸಾಮಾನ್ಯವಾಗಿ ಕಂಪನಿಗಳು ಒಪ್ಪುವ ಮಿತಿಯೇ 0.05ರಿಂದ 0.1 ಮಿ.ಮೀ. ಅಷ್ಟು ಸಣ್ಣ ಸಂದಿನ ಮೂಲಕವೇ, ಡೀಸೆಲ್ ಉರಿಯುವಾಗ 100 ಬಾರ್‌ಗೂ ಮೀರುವ ಒತ್ತಡದ ಅನಿಲ ಕೂಲೆಂಟಿನ ದಾರಿಗೆ ನುಗ್ಗುತ್ತದೆ. ಕೂಲೆಂಟನ್ನು ಹೊರಕ್ಕೆ ತಳ್ಳುತ್ತದೆ, ಅದರ ಜಾಗದಲ್ಲಿ ಗಾಳಿ ತುಂಬುತ್ತದೆ, ಎಂಜಿನ್ ಇನ್ನಷ್ಟು ಕಾಯುತ್ತದೆ. ಮೂಲ ಕಾರಣವನ್ನು ಹುಡುಕದೆ ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ಇದೇ ಸರಪಳಿ ಕೆಲವು ತಿಂಗಳಲ್ಲಿ ಮತ್ತೆ ಆರಂಭವಾಗುವುದು ಸಹಜ, ಮತ್ತು ನಿಮ್ಮ ವಾಹನದಲ್ಲಿ ಕೂಲೆಂಟ್ ಇಳಿಯಲು ಆರಂಭವಾದದ್ದು ಎರಡೇ ತಿಂಗಳಿಗೆ.

ಈಗ ನಿಮ್ಮ ಮೊದಲ ಬಿಲ್ಲನ್ನು ಓದೋಣ. ಗ್ಯಾಸ್ಕೆಟ್ ಸೆಟ್ 9,800, ಟೈಮಿಂಗ್ ಚೈನ್ ಕಿಟ್ 12,600, ವಾಟರ್ ಪಂಪ್ 3,500, ಎಂಜಿನ್ ಆಯಿಲ್ ಮತ್ತು ಫಿಲ್ಟರ್ 3,600, ಕೂಲೆಂಟ್ 1,900, ಲೇತ್ ಕೆಲಸ 6,000, ಲೇಬರ್ 21,000. ಮೊತ್ತ ತಾಳೆಯಾಗುತ್ತದೆ, ಮತ್ತು ಹೆಡ್ ಇಳಿಸಿದಾಗಲೇ ಚೈನ್ ಹಾಗೂ ಪಂಪ್ ಬದಲಿಸಿದ್ದು, ಈ ಕಿಲೋಮೀಟರಿಗೆ, ತಪ್ಪು ನಿರ್ಧಾರವೇನೂ ಅಲ್ಲ. ನನ್ನ ಗಮನ ಹೋದದ್ದು ಬಿಲ್ಲಿನಲ್ಲಿ ಇಲ್ಲದ ವಸ್ತುಗಳ ಕಡೆಗೆ. ಹೊಸ ಹೆಡ್ ಬೋಲ್ಟುಗಳಿಲ್ಲ. ಉಷ್ಣತೆಗೆ ತಕ್ಕಂತೆ ಕೂಲೆಂಟಿನ ದಾರಿಯನ್ನು ತೆರೆಯುವ ಥರ್ಮೋಸ್ಟಾಟ್ ಇಲ್ಲ. ರೇಡಿಯೇಟರನ್ನು ಬಿಚ್ಚಿ ತೊಳೆಸಿದ ಅಥವಾ ಬದಲಿಸಿದ ಸಾಲಿಲ್ಲ. ಲೇತ್‌ನವರು ಹೆಡ್ಡಿಗೆ ಪ್ರೆಶರ್ ಟೆಸ್ಟ್ ಮಾಡಿ ಬಿರುಕಿಲ್ಲವೆಂದು ಖಚಿತಪಡಿಸಿದ ದಾಖಲೆಯಿಲ್ಲ, ಎಷ್ಟು ಫೇಸಿಂಗ್ ತೆಗೆದರೆಂಬ ಅಳತೆಯೂ ಇಲ್ಲ.

ಇವುಗಳಲ್ಲಿ ಹೆಡ್ ಬೋಲ್ಟುಗಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಉಳಿತಾಯ ಮಾಡಲು ಹೋಗಿ ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿಯೇ. ಇಂದಿನ ಬಹುತೇಕ ಡೀಸೆಲ್ ಎಂಜಿನ್ನುಗಳ ಹೆಡ್ ಬೋಲ್ಟುಗಳನ್ನು ಮೊದಲು ಒಂದು ನಿಗದಿತ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿದು, ಬಳಿಕ ಇಂತಿಷ್ಟು ಡಿಗ್ರಿ ತಿರುಗಿಸಿ, ಉಕ್ಕು ಶಾಶ್ವತವಾಗಿ ಹಿಗ್ಗುವ ಹಂತಕ್ಕೆ ಒಯ್ಯಲಾಗುತ್ತದೆ. ಆ ಹಿಗ್ಗಿನಲ್ಲಿಯೇ ಅವುಗಳ ಸಮವಾದ ಹಿಡಿತವಿದೆ. ಒಮ್ಮೆ ಹೀಗೆ ಹಿಗ್ಗಿದ ಬೋಲ್ಟನ್ನು ಮತ್ತೆ ಹಾಕಿದರೆ, ಟಾರ್ಕ್ ವ್ರೆಂಚ್ ಸರಿಯಾದ ಅಂಕಿ ತೋರಿಸಿದರೂ, ಹಿಡಿತ ಮೊದಲಿನಷ್ಟು ಬರುವುದಿಲ್ಲ. ಆದ್ದರಿಂದಲೇ ಅನೇಕ ತಯಾರಕರು ಹೆಡ್ ಬಿಚ್ಚಿದಾಗಲೆಲ್ಲ ಹೊಸ ಬೋಲ್ಟುಗಳನ್ನು ಕಡ್ಡಾಯ ಮಾಡಿದ್ದಾರೆ. ಕೆಲವರು ಮಾತ್ರ ಉದ್ದವನ್ನೋ ವ್ಯಾಸವನ್ನೋ ಅಳೆದು, ಮಿತಿಯೊಳಗಿದ್ದರೆ ಮರುಬಳಕೆಗೆ ಒಪ್ಪುತ್ತಾರೆ. ನಿಮ್ಮ ವಾಹನದ ವರ್ಕ್‌ಶಾಪ್ ಮ್ಯಾನ್ಯುಯಲ್ ಏನು ಹೇಳುತ್ತದೆ ಎಂಬುದನ್ನು ಗ್ಯಾರೇಜಿನವರಿಂದಲೇ ಲಿಖಿತವಾಗಿ ಕೇಳಿ. ಬೋಲ್ಟುಗಳನ್ನು ಬದಲಿಸಿಲ್ಲ, ಅಳತೆಯನ್ನೂ ತೆಗೆದಿಲ್ಲ ಎಂದಾದರೆ, ನಿಮ್ಮ ಪ್ರಕರಣದಲ್ಲಿ ಇದಕ್ಕಿಂತ ಗಟ್ಟಿಯಾದ ಅಂಶ ಮತ್ತೊಂದಿಲ್ಲ.

ಫೇಸಿಂಗ್ ಕುರಿತೂ ಇದೇ ಮಾತು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಉಳಿಯುವ ಅಂತರ ಬಹಳ ಕಡಿಮೆ. ಆದ್ದರಿಂದ ಅನೇಕ ಡೀಸೆಲ್ ಹೆಡ್‌ಗಳನ್ನು ಫೇಸಿಂಗ್ ಮಾಡಲೇಬಾರದೆಂದು ತಯಾರಕರು ಹೇಳುತ್ತಾರೆ. ಗ್ಯಾಸ್ಕೆಟ್ಟುಗಳು ಕೂಡ ಹಲವು ದಪ್ಪಗಳಲ್ಲಿ ಬರುತ್ತವೆ. ಅಂಚಿನಲ್ಲಿರುವ ಕಚ್ಚು ಅಥವಾ ರಂಧ್ರಗಳ ಸಂಖ್ಯೆಯಿಂದ ಅವನ್ನು ಗುರುತಿಸಿ, ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಏಳುತ್ತದೆ ಎಂದು ಅಳೆದು ಆರಿಸಬೇಕಾಗುತ್ತದೆ. ಹೆಡ್ಡಿನಷ್ಟೇ ಬ್ಲಾಕಿನ ಮೇಲ್ಮೈಯೂ ಸಮತಟ್ಟಾಗಿರಬೇಕು. ಹೆಡ್ಡನ್ನು ಲೇತ್‌ಗೆ ಕಳಿಸಿ, ಬ್ಲಾಕನ್ನು ಬಟ್ಟೆಯಲ್ಲಿ ಒರೆಸಿ ಮುಗಿಸುವ ಪದ್ಧತಿಯನ್ನು ನಾನು ಅನೇಕ ಕಡೆ ಕಂಡಿದ್ದೇನೆ.

ಇನ್ನು ಕಾರಣ ಯಾವುದಿರಬಹುದು? ವಾಹನವನ್ನು ನೋಡದೆ ಖಚಿತವಾಗಿ ಹೇಳಲಾಗದು. ಆದರೆ ಅದು ಎರಡು ಬಾರಿ ಕಾದ ರಸ್ತೆಗಳೇ ಬಹಳಷ್ಟು ತಿಳಿಸುತ್ತವೆ. ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯದಿಂದ ಮೇಲಕ್ಕೆ ಏಳು ಜನರನ್ನು ಹೊತ್ತು, ಎ.ಸಿ. ಹಾಕಿಕೊಂಡು, ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಹತ್ತುವಾಗ ಎಂಜಿನ್ ಹೆಚ್ಚು ಶಾಖವನ್ನು ಹೊರಹಾಕುತ್ತದೆ, ರೇಡಿಯೇಟರಿಗೆ ಎದುರುಗಾಳಿಯೋ ತೀರ ಕಡಿಮೆ. ಅಂಥಲ್ಲಿ ಫ್ಯಾನ್ ಕೆಟ್ಟಿದ್ದರೂ, ರೇಡಿಯೇಟರ್ ಅರ್ಧ ಕಟ್ಟಿದ್ದರೂ, ಥರ್ಮೋಸ್ಟಾಟ್ ಪೂರ್ತಿ ತೆರೆಯದಿದ್ದರೂ ಮುಳ್ಳು ಮೇಲೇರುತ್ತದೆ. ಹಾಸನದ ಪೇಟೆಯೊಳಗೆ ಓಡಾಡುವಾಗ ಈ ದೋಷಗಳು ವರ್ಷಗಟ್ಟಲೆ ಅಡಗಿರಬಹುದು. ಹೊಳೆನರಸೀಪುರದ ಆಚೆಯ ರಸ್ತೆ ಹಾಗಲ್ಲ. ಅಲ್ಲಿ ಘಾಟಿಯಿಲ್ಲ, ಒಂದೇ ವೇಗದಲ್ಲಿ ಸಾಗುವ ವಾಹನಕ್ಕೆ ಎದುರುಗಾಳಿಯೇ ಸಾಕಾಗುವುದರಿಂದ ಫ್ಯಾನಿನ ಪಾತ್ರ ಬಹಳ ಚಿಕ್ಕದು. ಅಂಥ ರಸ್ತೆಯಲ್ಲಿಯೂ ಕಾದಿದೆ ಎಂದರೆ ಫ್ಯಾನನ್ನು ಸಂಶಯದ ಪಟ್ಟಿಯಲ್ಲಿ ಕೆಳಕ್ಕೆ ಇಳಿಸಬೇಕು. ಕೂಲೆಂಟ್ ಕಡಿಮೆಯಾಗಿತ್ತು, ಅಥವಾ ಇದ್ದ ಕೂಲೆಂಟ್ ಹರಿಯುತ್ತಿರಲಿಲ್ಲ ಎಂಬ ಎರಡೇ ಮುಖ್ಯ ಸಾಧ್ಯತೆಗಳು ಉಳಿಯುತ್ತವೆ. ಜನವರಿಯಿಂದ ಹೊರಗೆಲ್ಲಿಯೂ ತೊಟ್ಟಿಕ್ಕದೆ ಕೂಲೆಂಟ್ ಇಳಿಯುತ್ತಿತ್ತು ಎಂದು ನೀವೇ ಬರೆದಿದ್ದೀರಿ. ಹೊರಗೆ ಸೋರದ ಕೂಲೆಂಟ್ ಒಳಗೆ ಹೋಗುತ್ತಿರಬೇಕು: ಗ್ಯಾಸ್ಕೆಟ್ ಮೂಲಕ, ಹೆಡ್ಡಿನ ಬಿರುಕಿನ ಮೂಲಕ, ಅಥವಾ ಹೊಗೆಯನ್ನು ತಂಪಾಗಿಸಿ ಮರಳಿ ಎಂಜಿನ್ನಿಗೆ ಕಳಿಸುವ ಇಜಿಆರ್ ಕೂಲರಿನ ಮೂಲಕ. ಈ ಕೊನೆಯದನ್ನು ಮೆಕ್ಯಾನಿಕ್‌ಗಳು ಆಗಾಗ್ಗೆ ಮರೆಯುತ್ತಾರೆ. ಅದು ಒಡೆದಾಗ ಕಾಣುವ ಬಿಳಿ ಹೊಗೆಯೂ ಇಳಿಯುವ ಕೂಲೆಂಟೂ ಗ್ಯಾಸ್ಕೆಟ್ ಹೋದಾಗ ಕಾಣುವಂತೆಯೇ ಇರುತ್ತವೆ. ಗ್ಯಾರೇಜಿನವರು ಜನವರಿಯಲ್ಲಿ ಬರೀ ಮುಚ್ಚಳ ಬದಲಿಸಿ ಕಳಿಸಿದ್ದು ಸರಿಯಲ್ಲ. ಮುಚ್ಚಳ ಸಣ್ಣ ವಸ್ತುವೇನೂ ಅಲ್ಲ, ಸುಮಾರು ಒಂದು ಬಾರ್ ಒತ್ತಡವನ್ನು ಹಿಡಿದಿಟ್ಟು ಬರಿಯ ನೀರೂ 120 ಡಿಗ್ರಿಯವರೆಗೆ ಕುದಿಯದಂತೆ ನೋಡಿಕೊಳ್ಳುವುದು ಅದೇ. ಆದರೆ ಎರಡು ತಿಂಗಳ ಹಿಂದೆ ಹೆಡ್ ಇಳಿಸಿದ ಎಂಜಿನ್ನಿನಲ್ಲಿ ಕೂಲೆಂಟ್ ಇಳಿಯುತ್ತಿದೆ ಎಂದಾಗ ಪ್ರೆಶರ್ ಟೆಸ್ಟ್ ಮಾಡದೆ ಕಳಿಸುವುದನ್ನು ಯಾವ ಅನುಭವಿ ಮೆಕ್ಯಾನಿಕ್ಕೂ ಸಮರ್ಥಿಸಲಾರ.

ಕಾದ ಗಾಡಿಯನ್ನು ಓಡಿಸಿದಿರಿ ಎಂಬ ಆರೋಪಕ್ಕೆ ಬರುತ್ತೇನೆ. ನವೆಂಬರ್ ಮಟ್ಟಿಗೆ ಅದು ನಿಜ, ಮತ್ತು ಅದನ್ನು ಮುಚ್ಚಿಡಬೇಡಿ. ಮುಳ್ಳು ತಾನಾಗಿಯೇ ಇಳಿದದ್ದನ್ನು ನೀವು ಒಳ್ಳೆಯ ಲಕ್ಷಣವೆಂದು ಭಾವಿಸಿದ ಹಾಗಿದೆ. ವಾಸ್ತವದಲ್ಲಿ ಅದು ಕೆಟ್ಟ ಲಕ್ಷಣ: ಉಷ್ಣತೆಯನ್ನು ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರುವವರೆಗೆ ಮಾತ್ರ ನಂಬಿಕೆಗೆ ಯೋಗ್ಯ, ಕೂಲೆಂಟ್ ಖಾಲಿಯಾಗಿ ಅದು ಆವಿ ಹಾಗೂ ಗಾಳಿಯ ನಡುವೆ ಉಳಿದಾಗ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಹೀಗಾಗಿ ಆ ಎರಡು ಕಿಲೋಮೀಟರಿನಲ್ಲಿ ಹೆಡ್ಡಿಗೆ ಹೆಚ್ಚಿನ ಹಾನಿಯಾಗಿರುವ ಸಾಧ್ಯತೆಯಿದೆ, ಅದರ ಬೆಲೆಯಾಗಿ ಮೊದಲ 58,400ರ ಬಹುಪಾಲನ್ನು ನೀವು ಕೊಟ್ಟದ್ದು ನ್ಯಾಯವೇ. ಆದರೆ ಗ್ಯಾರೇಜಿನವರು ನವೆಂಬರ್‌ನಲ್ಲಿ ಎಂಜಿನ್ನನ್ನು ಬಿಚ್ಚಿ, ಒಳಗೆಲ್ಲ ನೋಡಿ, ಸರಿಪಡಿಸಿದ್ದೇವೆಂದು ಹೇಳಿ, ಹಣ ಪಡೆದು ಕೊಟ್ಟಿದ್ದಾರೆ. ಆಗಲೇ ಪಿಸ್ಟನ್, ರಿಂಗ್ ಅಥವಾ ಬ್ಲಾಕಿಗೆ ಪೆಟ್ಟಾಗಿದ್ದರೆ ಜಾಬ್ ಕಾರ್ಡಿನಲ್ಲಿ ಬರೆದು ನಿಮಗೆ ತಿಳಿಸಬೇಕಿತ್ತು. ಆಗ ಸುಮ್ಮನಿದ್ದು, ಫೆಬ್ರವರಿಯಲ್ಲಿ ನವೆಂಬರಿನ ಎರಡು ಕಿಲೋಮೀಟರನ್ನು ನೆನಪಿಸುವುದು ನಿಲ್ಲುವ ವಾದವಲ್ಲ. ಎರಡನೆಯ ಬಾರಿ ನೀವು ದೀಪ ಹೊತ್ತಿದ ಕೂಡಲೇ ನಿಲ್ಲಿಸಿದ್ದೀರಿ. ಎಳೆದು ತಂದ ವಾಹನದ ರಸೀದಿಯಲ್ಲಿ ಸ್ಥಳ ಮತ್ತು ಸಮಯ ಇದ್ದರೆ ಅದನ್ನು ಜೋಪಾನ ಮಾಡಿ. ಎಂಜಿನ್ ಕಂಪ್ಯೂಟರಿನಲ್ಲಿ ದೋಷದ ಕೋಡ್ ಜೊತೆಗೆ ಆ ಕ್ಷಣದ ಉಷ್ಣತೆ, ವೇಗ ಮೊದಲಾದ ವಿವರಗಳೂ ಉಳಿದಿರಬಹುದು. ಸ್ಕ್ಯಾನರ್ ಹಾಕಿ ಅವನ್ನು ಮುದ್ರಿಸಿಕೊಳ್ಳುವವರೆಗೆ ಕೋಡ್ ಅಳಿಸಲು ಬಿಡಬೇಡಿ, ಬ್ಯಾಟರಿ ತೆಗೆಯಲು ಕೂಡ ಬಿಡಬೇಡಿ.

ಬೋರ್‌ವೆಲ್ ನೀರಿನ ವಿಷಯದಲ್ಲಿ ಮಾತ್ರ ನಿಮ್ಮ ಪಕ್ಷ ದುರ್ಬಲ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ, ಸ್ನಾನದ ಮನೆಯ ಗೀಸರಿನ ಕಾಯಿಲಿಗೆ ಕಟ್ಟುವ ಹಾಗೆಯೇ, ರೇಡಿಯೇಟರಿನ ಕಿರಿದಾದ ನಾಳಗಳ ಒಳಗೂ ಕಟ್ಟುತ್ತದೆ. ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ದ್ರವ್ಯವೂ ತೆಳುವಾಗುತ್ತದೆ. ಎರಡು ತಿಂಗಳಲ್ಲಿ ಇದರಿಂದಲೇ ರೇಡಿಯೇಟರ್ ಕಟ್ಟಿತೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಆದರೆ ವರ್ಷಗಳಿಂದ ಹೀಗೆಯೇ ತುಂಬಿಸುತ್ತಿದ್ದರೆ, ನವೆಂಬರಿನ ಮೂಲ ಕಾರಣ ಅದೇ ಆಗಿದ್ದರೂ ಆಶ್ಚರ್ಯವಿಲ್ಲ. ಈ ಕಾರಣಕ್ಕೆ ಹೊಸ ರೇಡಿಯೇಟರಿನ ಖರ್ಚನ್ನು ನೀವೇ ಹೊರಲು ಸಿದ್ಧರಿರಿ. ಮಾತುಕತೆಯಲ್ಲಿ ಇದನ್ನು ನೀವಾಗಿಯೇ ಮುಂದಿಟ್ಟರೆ ಉಳಿದ ಬೇಡಿಕೆಗಳಿಗೆ ತೂಕ ಬರುತ್ತದೆ.

ಮುಂದಿನ ಹೆಜ್ಜೆಯ ಬಗ್ಗೆ ನನ್ನ ಸಲಹೆ ಒಂದೇ, ಮತ್ತು ಅದನ್ನು ಒತ್ತಿ ಹೇಳುತ್ತೇನೆ: ಎಂಜಿನ್ ಇನ್ನೂ ಬಿಚ್ಚಿಲ್ಲವಾದ್ದರಿಂದ, ಪರೀಕ್ಷೆಗಳು ಮುಗಿಯುವವರೆಗೆ ಬಿಚ್ಚಲು ಬಿಡಬೇಡಿ. ಒಮ್ಮೆ ಹೆಡ್ ಇಳಿದರೆ, ಕೂಲೆಂಟ್ ಯಾವ ದಾರಿಯಲ್ಲಿ ಹೋಗುತ್ತಿತ್ತು, ಯಾವ ಸಿಲಿಂಡರಿನಲ್ಲಿ ಒತ್ತಡ ಸೋರುತ್ತಿತ್ತು ಎಂಬ ಸಾಕ್ಷ್ಯ ಅಳಿದುಹೋಗುತ್ತದೆ. ಆಮೇಲೆ ಉಳಿಯುವುದು ಅವರ ಮಾತು ಮತ್ತು ನಿಮ್ಮ ಮಾತು ಮಾತ್ರ. ತಣ್ಣಗಿರುವ ಎಂಜಿನ್ನಿಗೆ ಕೈಪಂಪಿನಿಂದ ಸುಮಾರು ಒಂದು ಬಾರ್ ಒತ್ತಡ ಕೊಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಟ್ಟರೆ, ಒತ್ತಡ ಇಳಿಯುತ್ತದೆಯೋ ಇಲ್ಲವೋ ತಿಳಿಯುತ್ತದೆ. ಕೂಲೆಂಟಿನಲ್ಲಿ ಉರಿದ ಅನಿಲ ಸೇರಿದೆಯೇ ಎಂದು ನೋಡಲು, ಅಂಥ ಅನಿಲ ತಗಲಿದರೆ ಬಣ್ಣ ಬದಲಾಯಿಸುವ ನೀಲಿ ದ್ರಾವಣದ ಪರೀಕ್ಷೆಯಿದೆ. ಡೀಸೆಲ್ ಎಂಜಿನ್ನಿಗೆ ಹೊಂದುವ ದ್ರಾವಣವನ್ನೇ ಬಳಸಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಲೀಕ್‌ಡೌನ್ ಪರೀಕ್ಷೆ. ಪಿಸ್ಟನ್ನನ್ನು ಮೇಲಿನ ತುದಿಯಲ್ಲಿ ನಿಲ್ಲಿಸಿ, ಗ್ಲೋ ಪ್ಲಗ್ಗಿನ ರಂಧ್ರದ ಮೂಲಕ ಸಿಲಿಂಡರಿಗೆ ಗಾಳಿ ತುಂಬಿ, ಅದು ಎಲ್ಲಿಂದ ಹೊರಬರುತ್ತದೆ ಎಂದು ಆಲಿಸುವುದು. ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಹೆಡ್ಡಿನ ದೋಷ, ಆಯಿಲ್ ತುಂಬುವ ಬಾಯಿಯಲ್ಲಿ ಜೋರಾಗಿ ಗಾಳಿ ಬಂದರೆ ರಿಂಗು ಹಾಗೂ ಬೋರಿನ (ಸಿಲಿಂಡರಿನ ಒಳಗೋಡೆಯ) ಸವೆತ, ಸೈಲೆನ್ಸರ್ ಅಥವಾ ಏರ್ ಫಿಲ್ಟರಿನ ಕಡೆ ಬಂದರೆ ವಾಲ್ವಿನ ದೋಷ. ನಾಲ್ಕೂ ಸಿಲಿಂಡರುಗಳಿಗೆ ಹೀಗೆ ಮಾಡಿ, ಪ್ರತಿಯೊಂದರ ಅಂಕಿಯನ್ನು ಬರೆಸಿಕೊಳ್ಳಿ. ಎಂಜಿನ್ನಿನ ಕೆಳಭಾಗಕ್ಕೆ ನಿಜವಾಗಿ ಕೆಲಸ ಬೇಕೇ ಎಂಬುದಕ್ಕೆ ಇದರ ಫಲಿತಾಂಶ ಬಹಳ ಮಟ್ಟಿಗೆ ಉತ್ತರ ಕೊಡುತ್ತದೆ. ಅಂದರೆ 1,35,000ದಲ್ಲಿ ದೊಡ್ಡ ಪಾಲು ಇರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುತ್ತದೆ.

ಈ ಪರೀಕ್ಷೆಗಳನ್ನು ಅದೇ ಗ್ಯಾರೇಜಿನಲ್ಲಿ ಮಾಡಿಸುವುದಾದರೆ ಮೂರನೆಯ ವ್ಯಕ್ತಿಯೊಬ್ಬರ ಸಮ್ಮುಖದಲ್ಲಿ ಮಾಡಿಸಿ. ವಿಮಾ ಕಂಪನಿಗಳಿಗೆ ಕೆಲಸ ಮಾಡುವ, ಪರವಾನಗಿ ಪಡೆದ ಮೋಟಾರು ಸರ್ವೇಯರ್ ಒಬ್ಬರನ್ನು ಖಾಸಗಿಯಾಗಿ ಶುಲ್ಕ ಕೊಟ್ಟು ಕರೆಸಬಹುದು, ಅಥವಾ ಹತ್ತಿರದ ಪಾಲಿಟೆಕ್ನಿಕ್‌ನ ಆಟೋಮೊಬೈಲ್ ವಿಭಾಗದವರನ್ನು ವಿಚಾರಿಸಬಹುದು. ಅವರ ಸಹಿ ಇರುವ ಒಂದು ಪುಟದ ವರದಿ, ಮುಂದೆ ವ್ಯಾಜ್ಯವಾದರೆ, ನಿಮ್ಮ ಹತ್ತು ಪುಟಗಳ ದೂರಿಗಿಂತ ಹೆಚ್ಚು ಬಾಳುತ್ತದೆ.

ಎಸ್ಟಿಮೇಟಿನ ಬಗ್ಗೆ ಹೇಳುವುದಾದರೆ, ಅದನ್ನು ಪರೀಕ್ಷೆಗೆ ಮೊದಲೇ ಬರೆದಿರುವುದೇ ಮೊದಲ ಆಕ್ಷೇಪ. ಪಿಸ್ಟನ್, ರಿಂಗ್, ಬೇರಿಂಗ್, ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲವನ್ನೂ ಪಟ್ಟಿ ಮಾಡಿದ್ದಾರೆ. ಇವುಗಳಲ್ಲಿ ಒಂದೊಂದಕ್ಕೂ ಅಳತೆಯ ಆಧಾರ ಬೇಕು. ಬೋರಿನ ಸವೆತವನ್ನು ಬೋರ್ ಗೇಜಿನಿಂದ, ಕ್ರ್ಯಾಂಕಿನ ಸವೆತವನ್ನು ಮೈಕ್ರೋಮೀಟರಿನಿಂದ ಅಳೆದು, ಕಂಪನಿಯ ಮಿತಿಯ ಪಕ್ಕದಲ್ಲಿ ಬರೆದು ತೋರಿಸಬೇಕು. ಕೂಲೆಂಟ್ ಆಯಿಲಿಗೆ ಸೇರಿದ್ದರೆ ಬೇರಿಂಗುಗಳಿಗೆ ಹಾನಿಯಾಗಿರುವ ಸಂಭವ ನಿಜವಾಗಿಯೂ ಹೆಚ್ಚು. ಆದರೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಪ್ಪಾಗಿಯೇ ಇದೆ, ಕೆನೆಗಟ್ಟಿದ ಕಂದು ಬಣ್ಣಕ್ಕೆ ತಿರುಗಿಲ್ಲ, ಮಟ್ಟವೂ ಏರಿಲ್ಲ ಎಂದು ನೀವು ಬರೆದಿದ್ದೀರಿ. ಅದು ನಿಜವಾದರೆ ಕೆಳಭಾಗ ಉಳಿದಿರುವ ಸಾಧ್ಯತೆಯೇ ಹೆಚ್ಚೆಂದು ನನ್ನ ಅಂದಾಜು. ಎರಡನೆಯ ಆಕ್ಷೇಪ ಇನ್ನೂ ಸರಳ: ಟೈಮಿಂಗ್ ಚೈನ್ ಕಿಟ್ ಮತ್ತು ವಾಟರ್ ಪಂಪ್ ಈ ಎಸ್ಟಿಮೇಟಿನಲ್ಲಿ ಮತ್ತೆ ಬಂದಿವೆ. ಅವನ್ನು ಹಾಕಿ ನಾಲ್ಕು ತಿಂಗಳೂ ಆಗಿಲ್ಲ. ಆಗ ಹಾಕಿದ್ದು ನಿಜವಾದರೆ ಈಗ ಏಕೆ ಬೇಕು, ಈಗ ಬೇಕಾಗಿದ್ದರೆ ಆಗ ಹಾಕಿದ್ದು ಯಾವುದು ಎಂದು ಕೇಳಿ. ಮೂರನೆಯದು, ಹೆಡ್ ಇಳಿಸುವ ಲೇಬರ್, ಇಂಜೆಕ್ಟರ್ ತೆಗೆಯುವ ಲೇಬರ್, ಟರ್ಬೊ ತೆಗೆಯುವ ಲೇಬರ್, ಪೂರ್ತಿ ಎಂಜಿನ್ ಇಳಿಸಿ ಬಿಚ್ಚುವ ಲೇಬರ್ ಎಂದು ನಾಲ್ಕು ಸಾಲುಗಳಿವೆ. ಎಂಜಿನ್ ಪೂರ್ತಿ ಬಿಚ್ಚುವಾಗ ಮೊದಲ ಮೂರು ಕೆಲಸಗಳು ಅದರೊಳಗೇ ಆಗಿಹೋಗುತ್ತವೆ. ಒಂದೇ ಕೆಲಸಕ್ಕೆ ಎರಡು ಬಾರಿ ಕೂಲಿ ಕೇಳಿದಂತಾಗಿದೆ. ತೆರಿಗೆಯ ಕಾಲಂ ಕೂಡ ನೋಡಿ: 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದ್ದು, ಲೇಬರ್ ಮೇಲಿನ ತೆರಿಗೆಯೂ ಶೇ. 18 ಆಗಿರುವಾಗ, ಬಿಡಿಭಾಗಗಳಿಗೆ ಇಂದಿಗೂ ಶೇ. 28 ಹಾಕಿದ್ದರೆ ಅದನ್ನು ತಿದ್ದಿಸಬೇಕು; ಜಿಎಸ್‌ಟಿ ಸಂಖ್ಯೆಯೇ ಇಲ್ಲದ ಬಿಲ್ಲಿನಲ್ಲಿ ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ.

ಹಾಗಾದರೆ ನ್ಯಾಯವಾದ ಹಂಚಿಕೆ ಯಾವುದು? ಪರೀಕ್ಷೆಯಲ್ಲಿ ದೋಷ ಗ್ಯಾಸ್ಕೆಟ್ ಮತ್ತು ಹೆಡ್ಡಿಗೆ ಸೀಮಿತವೆಂದು ಕಂಡುಬಂದರೆ, ಹೆಡ್ ಇಳಿಸಿ ಕೂರಿಸುವ ಲೇಬರ್, ಗ್ಯಾಸ್ಕೆಟ್ ಸೆಟ್ ಮತ್ತು ಲೇತ್ ಖರ್ಚನ್ನು ಗ್ಯಾರೇಜಿನವರು ಹೊರಬೇಕು; ಹೊಸ ಬೋಲ್ಟು, ಥರ್ಮೋಸ್ಟಾಟ್, ರೇಡಿಯೇಟರ್, ಕೂಲೆಂಟ್, ಆಯಿಲ್‌ಗಳನ್ನು ನೀವು ಕೊಡಬೇಕು, ಏಕೆಂದರೆ ಇವು ಮೊದಲ ಬಾರಿಯೇ ಹಾಕಿದ್ದರೂ ನೀವೇ ಹಣ ಕೊಡಬೇಕಾಗಿದ್ದ ವಸ್ತುಗಳು. ಹೆಡ್ ಬಿರುಕು ಬಿಟ್ಟು ಹೊಸದೇ ಬೇಕಾದರೆ, ಅದು ನವೆಂಬರಿನ ಬಿರುಕೋ ಫೆಬ್ರವರಿಯದ್ದೋ ಎಂದು ಹೇಳುವುದು ಕಷ್ಟವಾದ್ದರಿಂದ, ಅರ್ಧರ್ಧಕ್ಕೆ ಒಪ್ಪುವುದು ವಿವೇಕ. ಎಲ್ಲವನ್ನೂ ಅವರೇ ಉಚಿತವಾಗಿ ಮಾಡಿಕೊಡಬೇಕೆಂಬ ನಿಮ್ಮ ಈಗಿನ ಪಟ್ಟನ್ನು ಬಿಡಿ ಎಂದೇ ನಾನು ಹೇಳುವುದು.

ವಾಹನವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಗ್ಯಾರೇಜಿಗೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 170ನೆಯ ಸೆಕ್ಷನ್ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿ ಕೆಲಸ ಮಾಡಿದವನು, ಬೇರೆ ಕರಾರು ಇಲ್ಲದಿದ್ದಾಗ, ಆ ಕೆಲಸದ ನ್ಯಾಯವಾದ ಕೂಲಿ ಸಿಗುವವರೆಗೆ ವಸ್ತುವನ್ನು ತನ್ನಲ್ಲಿ ಇಟ್ಟುಕೊಳ್ಳಬಹುದು. ನಿಮ್ಮ ವಿಷಯದಲ್ಲಿ ಎರಡನೆಯ ಬಾರಿ ಇನ್ನೂ ಯಾವ ಕೆಲಸವೂ ಆಗಿಲ್ಲ, ನೀವು ಒಪ್ಪಿಗೆಯನ್ನೂ ಕೊಟ್ಟಿಲ್ಲ. ಆದ್ದರಿಂದ ಮಾಡದ ಕೆಲಸದ ಹೆಸರಿನಲ್ಲಿ ತಡೆದಿಡಲು ಈ ಸೆಕ್ಷನ್ ಆಸರೆಯಾಗುವುದಿಲ್ಲ. ಹಾಗೆಂದು ಜಗಳಕ್ಕೆ ನಿಲ್ಲಬೇಡಿ. ಎಳೆದು ತಂದ ಖರ್ಚನ್ನು ಕೊಡುವುದು ನಿಮಗೆ ಸೇರಿದ್ದೇ. ನಿಲುಗಡೆಯ ಹಣದ ಬಗ್ಗೆ ಆಕ್ಷೇಪವಿದ್ದರೂ, ಈ ಹಣವನ್ನು ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ ಎಂದು ರಸೀದಿಯ ಮೇಲೆಯೇ ಬರೆದು, ಬ್ಯಾಂಕ್ ಮೂಲಕ ಕೊಟ್ಟು, ವಾಹನವನ್ನು ಬಿಡಿಸಿಕೊಂಡು ಹೋಗುವುದು ಎಷ್ಟೋ ಮೇಲು.

ಮಾತುಕತೆ ಫಲಿಸದಿದ್ದರೆ, ಪರೀಕ್ಷಾ ವರದಿ ಕೈಗೆ ಬಂದ ಮೇಲೆ, ಹದಿನೈದು ದಿನಗಳ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ಕನ್ನಡದಲ್ಲಿಯೇ ಕರೆ ಮಾಡಿ ದೂರು ದಾಖಲಿಸಬಹುದು. ಆದರೆ ಅದು ಮಧ್ಯಸ್ಥಿಕೆಯಷ್ಟೇ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಆದೇಶ ಬೇಕಾದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಪಾವತಿಸಿದ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಪರೀಕ್ಷೆಯ ಅಗತ್ಯವಿಲ್ಲದ ದೂರುಗಳನ್ನು ಮೂರು ತಿಂಗಳಲ್ಲಿಯೂ ಇರುವವನ್ನು ಐದು ತಿಂಗಳಲ್ಲಿಯೂ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ, ಆದರೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆಂದೇ ಎಣಿಸಿಕೊಂಡು ಹೊರಡಿ. ಸೇವೆಯಲ್ಲಿ ಕೊರತೆಯಿತ್ತೆಂದು ಸಾಬೀತುಪಡಿಸುವ ಹೊಣೆ ದೂರುದಾರನದೇ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ಬಿಚ್ಚುವ ಮೊದಲು ಪರೀಕ್ಷೆ ಮಾಡಿಸಿ ಎಂದು ನಾನು ಇಷ್ಟು ಒತ್ತಾಯಿಸಿದ್ದಕ್ಕೆ ಇದೂ ಒಂದು ಕಾರಣ. ವಾಹನ ವಿಮೆಯಿಂದ ಏನನ್ನೂ ನಿರೀಕ್ಷಿಸಬೇಡಿ, ಯಾಂತ್ರಿಕ ಕೆಡುಕು ಸಾಮಾನ್ಯ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ.

ಮಾರಿಬಿಡುವ ಪ್ರಶ್ನೆ ಉಳಿಯಿತು. ದೆಹಲಿ ಸುತ್ತಮುತ್ತ ಡೀಸೆಲ್ ವಾಹನಗಳಿಗೆ ಹೇರಿದ ಹತ್ತು ವರ್ಷಗಳ ಮಿತಿಯನ್ನು ಕೇಳಿ ಇಲ್ಲಿ ಅನೇಕರು ಗಾಬರಿಯಿಂದ ಮಾರುತ್ತಿದ್ದಾರೆ. ಅದು ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ನಿಮ್ಮ ನೋಂದಣಿ 2031ರವರೆಗೆ ನಡೆಯುತ್ತದೆ, ಆ ಬಳಿಕ ತಪಾಸಣೆಗೆ ಒಳಪಡಿಸಿ ನವೀಕರಿಸಿಕೊಳ್ಳಬಹುದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಹಲವು ಕಂಪನಿಗಳು ಸಣ್ಣ ಡೀಸೆಲ್ ಎಂಜಿನ್ನುಗಳನ್ನೇ ಕೈಬಿಟ್ಟದ್ದರಿಂದ, ಇದೇ ಬಗೆಯ ಹೊಸ ವಾಹನ ಸಿಗುವುದೂ ಸುಲಭವಲ್ಲ. ಕೆಟ್ಟ ಎಂಜಿನ್ನಿನ ಗಾಡಿಯನ್ನು ನಿಂತ ಜಾಗದಲ್ಲಿಯೇ ಮಾರಿದರೆ ದಲ್ಲಾಳಿಗಳು ರಿಪೇರಿ ಖರ್ಚಿಗಿಂತ ಬಹಳ ಹೆಚ್ಚನ್ನೇ ಕಡಿತ ಮಾಡುತ್ತಾರೆ. ಹೆಡ್ ಕೆಲಸದಲ್ಲಿಯೇ ಮುಗಿಯುವುದಾದರೆ ರಿಪೇರಿ ಮಾಡಿಸಿ ಇಟ್ಟುಕೊಳ್ಳಿ. ಅಳತೆಗಳು ನಿಜವಾಗಿಯೂ ಪೂರ್ತಿ ಎಂಜಿನ್ ಕೆಲಸ ಬೇಕೆಂದು ತೋರಿಸಿದರೆ ಮಾತ್ರ, ಅಧಿಕೃತ ಸರ್ವೀಸ್ ಸೆಂಟರಿನಿಂದಲೂ ಒಂದು ಎಸ್ಟಿಮೇಟ್ ಪಡೆದು, ವಾಹನದ ಇಂದಿನ ಬೆಲೆಯೊಂದಿಗೆ ತೂಗಿ ನೋಡಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಳೆಯ ಎಂಜಿನ್ ತಂದು ಕೂರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅವಸರದಲ್ಲಿ ಒಪ್ಪಬೇಡಿ: ಎಂಜಿನ್ ಸಂಖ್ಯೆ ಬದಲಾಗುವುದರಿಂದ ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದಿಸಬೇಕು, ಅದಕ್ಕೆ ಆ ಎಂಜಿನ್ನಿನ ಮೂಲದ ಕಾಗದ ಬೇಕು. ಕಾಗದವಿಲ್ಲದ ಎಂಜಿನ್ ಕಳವಾದ ವಾಹನದ್ದೂ ಆಗಿರಬಹುದು, ಅಪಘಾತವಾದಾಗ ವಿಮಾ ಕಂಪನಿಗೆ ತಕರಾರು ತೆಗೆಯಲು ಅದೇ ನೆಪವಾಗಬಹುದು.

ಯಾವ ಗ್ಯಾರೇಜಿನಲ್ಲಿ ಮಾಡಿಸಿದರೂ, ಕೆಲಸ ಆರಂಭಿಸುವ ಮೊದಲು ಜಾಬ್ ಕಾರ್ಡಿನಲ್ಲಿ ಗ್ಯಾರಂಟಿಯ ಅವಧಿಯನ್ನು ಬರೆಸಿ, ಎಸ್ಟಿಮೇಟ್ ಮೀರುವುದಾದರೆ ಮೊದಲೇ ಒಪ್ಪಿಗೆ ಪಡೆಯಬೇಕೆಂಬ ಸಾಲನ್ನು ಸೇರಿಸಿ, ತೆಗೆದ ಹಳೆಯ ಭಾಗಗಳನ್ನು ಹಿಂದಕ್ಕೆ ಕೇಳಿ ಪಡೆಯಿರಿ. ವಾಹನ ಕೈಗೆ ಬಂದ ಮೇಲೆ ಮೊದಲ ಸಾವಿರ ಕಿಲೋಮೀಟರಿನವರೆಗೆ ಪ್ರತಿದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಮಟ್ಟವನ್ನು ನೋಡಿ ದಿನಾಂಕದೊಂದಿಗೆ ಫೋಟೊ ತೆಗೆದಿಡಿ. ಮಟ್ಟವು ಟ್ಯಾಂಕಿನ ಕನಿಷ್ಠ ಗೆರೆಗಿಂತ ಇಳಿದರೆ ನೀರು ತುಂಬಿಸದೆ, ಮೊದಲು ಗ್ಯಾರೇಜಿಗೆ ತೋರಿಸಿ ಜಾಬ್ ಕಾರ್ಡಿನಲ್ಲಿ ಬರೆಸಿ. ಆ ಸಾವಿರ ಕಿಲೋಮೀಟರ್ ಮುಗಿದಾಗ ಒಂದು ಸಲ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಅದಾದ ಮೇಲೆ ಘಾಟಿಯ ಪ್ರಯಾಣಕ್ಕೆ ಹೊರಡಬಹುದು.